ಒಂದು ಚಮಚ ಕಾಚಂಪುಳಿ

ನನಗೆ ಕ್ಯಾನ್ಸರ್ ಬಂದ ಮೇಲೆ ನಮ್ಮ ಊರಿನಲ್ಲಿ ಕೆಟ್ಟವರು ಅಂತ ಯಾರೂ ಉಳಿಯಲಿಲ್ಲ. ಅದಕ್ಕೂ ಮೊದಲು ನಾಪೋಕ್ಲು ಸಂತೆಯಲ್ಲಿ ಎದುರು ಸಿಕ್ಕರೆ ಮುಖ ತಿರುಗಿಸಿ ಒಣಮೀನಿನ ಅಂಗಡಿ ಕಡೆ ನೋಡುತ್ತಿದ್ದವರೆಲ್ಲ ಕಿತ್ತಳೆ ಹಿಡಿದುಕೊಂಡು ಮನೆಗೇ ಬರತೊಡಗಿದರು. ಬಂದವರು ಬಾಗಿಲಲ್ಲೇ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸುತ್ತಾರೆ. ಕಾಯಿಲೆಯವರನ್ನು ನೋಡುವಾಗ ಕತ್ತು ನೆಟ್ಟಗಿರಬಾರದು ಅಂತ ಇವರಿಗೆಲ್ಲ ಯಾರು ಹೇಳಿಕೊಟ್ಟರೋ. ಆಮೇಲೆ ಕೂತು, ದನಿ ಇಳಿಸಿ, "ಅದು ಈಗ ಹೆಂಗುಟ್ಟು?" ಅಂತ ಕೇಳುತ್ತಾರೆ. ಕ್ಯಾನ್ಸರ್ ಅನ್ನುವ ಮಾತು ಒಬ್ಬರ ಬಾಯಿಂದಲೂ ಬರುವುದಿಲ್ಲ. ಹೆಸರು ಹೇಳಿದರೆ ಅದು ಅವರ ಜೊತೆಯಲ್ಲೇ ಜೀಪು ಹತ್ತಿ ಅವರ ಮನೆಗೂ ಹೋಗಿಬಿಡುತ್ತದೋ ಏನೋ.

ಕಿತ್ತಳೆಯ ಜೊತೆ ಮದ್ದೂ ಬರುತ್ತಿತ್ತು. ಒಬ್ಬರು ಲಕ್ಷ್ಮಣ ಫಲದ ಎಲೆ ತಂದರು, ಇನ್ನೊಬ್ಬರು ಬೀಟ್‌ರೂಟ್ ಜ್ಯೂಸ್ ಕುಡಿ ಅಂದರು, ಮಗದೊಬ್ಬರು ಬೀಟ್‌ರೂಟ್ ಮುಟ್ಟಲೇಬಾರದು ಅಂದರು. ಒಬ್ಬಳು ನನಗೆ ಧೈರ್ಯ ತುಂಬಲು ತನ್ನ ಚಿಕ್ಕಮ್ಮನ ಕಥೆ ಹೇಳಿದಳು. ಅವರಿಗೂ ಇದೇ 'ಅದು' ಬಂದಿತ್ತಂತೆ. ಎಷ್ಟು ಧೈರ್ಯವಂತೆ, ಯಾವಾಗಲೂ ನಗುನಗುತ್ತ ಇದ್ದರಂತೆ, ಆಸ್ಪತ್ರೆಯವರೇ ಆಶ್ಚರ್ಯಪಟ್ಟರಂತೆ. ಕಥೆ ಮುಗಿಯುವ ಹೊತ್ತಿಗೆ ಚಿಕ್ಕಮ್ಮ ತೀರಿಹೋದದ್ದು ಅವಳಿಗೆ ನೆನಪಾಯಿತು. ಗಟಗಟನೆ ಕಾಫಿ ಕುಡಿದು ಎದ್ದಳು.

ಎಲ್ಲರೂ ಹೊರಡುವಾಗ ಒಂದೇ ಮಾತು ಹೇಳಿ ಹೋಗುತ್ತಿದ್ದರು: "ಪಾಸಿಟಿವ್ ಆಗಿರೊಕು." ನಾನು ನೀಲಾವತಿ, ಇಡೀ ಜನ್ಮದಲ್ಲಿ ಒಂದು ದಿನ ಪಾಸಿಟಿವ್ ಆಗಿದ್ದವಳಲ್ಲ. ಮಳೆ ಬಂದರೆ ಕಾಫಿ ಉದುರಿತು ಅಂತ, ಬಾರದಿದ್ದರೆ ಹೂ ಒಣಗಿತು ಅಂತ ಬೈದುಕೊಂಡೇ ಬದುಕಿದವಳು. ಎದೆಯ ಒಂದು ಭಾಗವನ್ನು ಕತ್ತರಿಸಿ ತೆಗೆದ ಮೇಲೆ ಇಲ್ಲದ ಗುಣ ಎಲ್ಲಿಂದ ಬರಬೇಕು?

ಊರವರದ್ದು ಹೋಗಲಿ, ಮನೆಯಲ್ಲೂ ಅದೇ ಪಾಡು. ನನ್ನ ಗಂಡ ಕುಶಾಲಪ್ಪ ಮದುವೆಯಾದಾಗಿನಿಂದ ಒಂದು ಹೊತ್ತಿನ ಊಟವನ್ನೂ ದೂರು ಹೇಳದೆ ಮಾಡಿದವರಲ್ಲ. ಉಪ್ಪು ಜಾಸ್ತಿ, ಖಾರ ಕಮ್ಮಿ, ನಿನ್ನೆಯದ್ದೇ ಚೆನ್ನಾಗಿತ್ತು. ನಿನ್ನೆಯೂ ಅವರು ಮೊನ್ನೆಯದ್ದೇ ಚೆನ್ನಾಗಿತ್ತು ಅಂದಿರುತ್ತಿದ್ದರು. ಈಗ ಮಾತ್ರ ತಟ್ಟೆಗೆ ಏನು ಬಿದ್ದರೂ "ಲಾಯ್ಕ್ ಉಟ್ಟು", ಚೆನ್ನಾಗಿದೆ ಅಂತಲೇ. ಒಂದು ದಿನ ಬೇಕೆಂದೇ ಸಾರಿಗೆ ಉಪ್ಪು ಹಾಕಲಿಲ್ಲ. ಅದೂ ಲಾಯ್ಕ್. ಸೊಸೆ ಮೋಕ್ಷಿತಾಳಂತೂ ನಾನು ಏನು ಮಾಡಿದರೂ "ಸೂಪರ್ ಅತ್ತೆ" ಅನ್ನುತ್ತಿದ್ದಳು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅಂತ ಎಲ್ಲರಿಗೂ ಗೊತ್ತು. ಇವರೆಲ್ಲ ಸ್ವಲ್ಪ ಮುಂಚಿತವಾಗಿಯೇ ಶುರುಮಾಡಿದ್ದರು.

ಹೀಗಿರುವಾಗ ಪುಳಿ ಹಣ್ಣು ಉದುರುವ ಕಾಲ ಬಂತು.

ಹೊರಗಿನವರಿಗೆ ಒಂದು ಮಾತು ಹೇಳಬೇಕು. ನಮ್ಮಲ್ಲಿ ಹಂದಿ ಸಾರಿಗೆ ಹಾಕುವ ಕಪ್ಪು ಹುಳಿಗೆ ಕಾಚಂಪುಳಿ ಅನ್ನುತ್ತೇವೆ. ಮಳೆಗಾಲದಲ್ಲಿ ಉದುರುವ ಪುಳಿ ಹಣ್ಣನ್ನು ಆರಿಸಿ, ಕುಕ್ಕೆಯಲ್ಲಿ ಹಾಕಿ, ಕೆಳಗಿನ ಪಾತ್ರೆಗೆ ರಸ ತೊಟ್ಟಿಕ್ಕಲು ಬಿಟ್ಟು, ಆ ರಸವನ್ನು ಸೌದೆ ಒಲೆಯಲ್ಲಿ ಕಪ್ಪಗೆ ಮಂದವಾಗುವವರೆಗೆ ಕಾಯಿಸಬೇಕು. ಬೇಗ ಇಳಿಸಿದರೆ ಬೂಸಲು ಹಿಡಿಯುತ್ತದೆ. ತಡವಾದರೆ ಸೀದು ಕಹಿಯಾಗುತ್ತದೆ. ನಡುವೆ ಒಂದು ಹದ ಇದೆ. ಅದನ್ನು ಕಣ್ಣು ಹೇಳುವುದಿಲ್ಲ, ಗಡಿಯಾರವೂ ಹೇಳುವುದಿಲ್ಲ. ಚಮಚದ ತುದಿಯಲ್ಲಿ ತೆಗೆದು ನಾಲಿಗೆ ಮೇಲಿಟ್ಟು ನೋಡಬೇಕು. ನನ್ನ ನಾಲಿಗೆ ಆ ಹದ ತಪ್ಪಿದ್ದಿಲ್ಲ. ನಾಪೋಕ್ಲಿನ ಮೊಣ್ಣಪ್ಪನ ಅಂಗಡಿಯಲ್ಲಿ ನನ್ನ ಬಾಟ್ಲಿಗೆ ಚೀಟಿ ಅಂಟಿಸುವುದಿಲ್ಲ. "ನೀಲಕ್ಕಂದು" ಅಂದರೆ ಸಾಕು, ಮಡಿಕೇರಿಯಿಂದಲೂ ಬಂದು ಒಯ್ಯುತ್ತಾರೆ. ನನ್ನ ಬದುಕಿನಲ್ಲಿ ಇದು ನನ್ನದು ಅಂತ ಎದೆ ತಟ್ಟಿಕೊಳ್ಳಲು ಇದ್ದದ್ದು ಅದೊಂದೇ. ಈಗ ತಟ್ಟಿಕೊಳ್ಳಲು ಎದೆಯೂ ಅರ್ಧ.

ಕೀಮೋ ಕೊಟ್ಟ ಮೇಲೆ ಕೂದಲು ಹೋಗುತ್ತದೆ ಅಂತ ಎಲ್ಲರೂ ಹೇಳಿದ್ದರು. ರುಚಿ ಹೋಗುತ್ತದೆ ಅಂತ ಯಾರೂ ಹೇಳಿರಲಿಲ್ಲ. ಬಾಯಲ್ಲಿ ಹಗಲೂ ರಾತ್ರಿ ತುಕ್ಕು ಹಿಡಿದ ಕತ್ತಿ ಇಟ್ಟುಕೊಂಡ ಹಾಗೆ. ಸಕ್ಕರೆಯೂ ಅದೇ, ಉಪ್ಪೂ ಅದೇ. ಕೂದಲಿಗೆ ಟೋಪಿ ಉಂಟು. ನಾಲಿಗೆಗೆ ಏನು ಹಾಕುವುದು?

ಈ ವರ್ಷ ಕಾಚಂಪುಳಿ ಬಿಡು ಅಂತ ಯಾರಾದರೂ ಗದರಿಸಿದ್ದರೆ ಬಿಡುತ್ತಿದ್ದೆನೋ ಏನೋ. ಮಗ ಪ್ರವೀಣ್, "ಅಮ್ಮಂಗೆ ಎಂತ ಖುಷಿಯೋ ಅದರ ಮಾಡ್ಲಿ" ಅಂದ. ಚಿಕ್ಕ ಮಕ್ಕಳಿಗೆ ಆಡಲು ಪಾತ್ರೆ ಕೊಡುವಾಗ ಹೇಳುವ ಮಾತು ಅದು. ನನಗೆ ಮೈ ಉರಿದುಹೋಯಿತು. ಮಾಡಿಯೇ ಮಾಡುತ್ತೇನೆ ಅಂತ ಒಲೆಯ ಮುಂದೆ ಕೂತೆ. ಹಣ್ಣು ಆರಿಸಿದ್ದು ಸೊಸೆ, ಸೌದೆ ತಂದದ್ದು ಗಂಡ, ಕೈಯಾಡಿಸಿದ್ದು ನಾನು. ರಸ ಮಂದವಾಗುತ್ತ ಬಂತು. ಚಮಚದಲ್ಲಿ ತೆಗೆದು ನಾಲಿಗೆ ಮೇಲಿಟ್ಟೆ. ತುಕ್ಕು. ಇನ್ನೊಂದು ಸ್ವಲ್ಪ ಕಾಯಿಸಿ ಮತ್ತೆ ಇಟ್ಟೆ. ಅದೇ ತುಕ್ಕು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಆಪರೇಷನ್‌ಗೆ ಕರೆದುಕೊಂಡು ಹೋಗುವಾಗಲೂ ಅಷ್ಟು ಹೆದರಿರಲಿಲ್ಲ.

ಗಂಡನನ್ನು ಕರೆದು ಚಮಚ ಕೊಟ್ಟೆ. ಅವರು ನೆಕ್ಕಿದರು. ಮುಖ ಒಂದು ಕ್ಷಣ ಸಣ್ಣಗಾಯಿತು, ಮತ್ತೆ ಅಗಲವಾಯಿತು.

"ಲಾಯ್ಕ್ ಉಟ್ಟು," ಅಂದರು.

"ಇಳಿಸೊಕಾ, ಇನ್ನೊಂದಿಷ್ಟ್ ಕಾಯೊಕಾ?"

"ಹೆಂಗೆ ಮಾಡಿರೂ ಲಾಯ್ಕ್."

ಇನ್ನೊಂದಿಷ್ಟು ಕಾಯಿಸಿದೆ. ಸೊಸೆಯನ್ನು ಕರೆದೆ. ಸೂಪರ್ ಅತ್ತೆ. ಅಂದಾಜಿನ ಮೇಲೆ ಇಳಿಸಿ, ಆರಿಸಿ, ಬಾಟ್ಲಿಗೆ ತುಂಬಿದೆವು. ಮೊಣ್ಣಪ್ಪನ ಅಂಗಡಿಗೆ ಹೋದದ್ದೇ ತಡ, ಖಾಲಿ. ಪ್ರತಿ ವರ್ಷ ಕೈಲ್‌ಮುಹೂರ್ತದ ಹಬ್ಬದವರೆಗೆ ಇಷ್ಟಿಷ್ಟೇ ಹೋಗುತ್ತಿದ್ದ ಮಾಲು ಈ ಸಲ ಸಂತೆ ದಿನ ಮಧ್ಯಾಹ್ನದೊಳಗೇ ಮುಗಿಯಿತಂತೆ. ಒಬ್ಬೊಬ್ಬರು ಎರಡೆರಡು ಒಯ್ದರಂತೆ. ಇದನ್ನು ಮೋಕ್ಷಿತಾ ಕುಣಿಯುತ್ತ ಬಂದು ಹೇಳಿದಳು. ಅಲ್ಲೇ ನನಗೆ ಅನುಮಾನ ಬಂತು. ನಮ್ಮ ಊರವರನ್ನು ನಾನು ಬಲ್ಲೆ. ಚೌಕಾಸಿ ಮಾಡದೆ ಅವರು ಸ್ವರ್ಗಕ್ಕೂ ಹೋಗುವವರಲ್ಲ.

ಮುಂದಿನ ಕೀಮೋಗೆ ಮೈಸೂರಿಗೆ ಹೋದಾಗ ಆಸ್ಪತ್ರೆಯಲ್ಲಿ ಹೊಸದೊಂದು ಕೋಣೆ ಮಾಡಿದ್ದರು. ಗೋಡೆಯ ಮೇಲೆ ಚಿಟ್ಟೆಗಳ ಚಿತ್ರ. ಒಳಗೆ ಶ್ವೇತ ಅಂತ ಒಬ್ಬಳು ಹುಡುಗಿ. ರೋಗಿಗಳ ಮನಸ್ಸು ಹೇಗಿದೆ ಅಂತ ನೋಡುವುದು ಅವಳ ಕೆಲಸವಂತೆ. ಒಂದೊಂದೇ ಪ್ರಶ್ನೆ ಓದಿ, ಇಲ್ಲವೇ ಇಲ್ಲ, ಸ್ವಲ್ಪ, ಸಾಧಾರಣ, ಬಹಳ, ಇದರಲ್ಲಿ ಒಂದನ್ನು ಹೇಳಿ ಅಂದಳು.

"ಕಳೆದ ಒಂದು ವಾರದಲ್ಲಿ ನಿಮ್ಮ ಮನೆಯವರು, ಸ್ನೇಹಿತರು ನಿಮಗೆ ಬೆಂಬಲ ಕೊಟ್ಟಿದ್ದಾರಾ?"

"ಬಹಳ," ಅಂದೆ. "ಅದು ಕಡಿಮೆ ಆಗ್ಲಿಕ್ಕೆ ಏನಾದ್ರೂ ಮಾತ್ರೆ ಉಂಟಾ?"

ಅವಳು ನಗಬೇಕೋ ಬೇಡವೋ ಅಂತ ಯೋಚಿಸಿ, ನಗದೆ ಗುರುತು ಹಾಕಿಕೊಂಡಳು. "ನಿಮ್ಮ ಜೀವನದ ಗುಣಮಟ್ಟ ಈಗ ಹೇಗಿದೆ ಅಂತ ಅನ್ನಿಸುತ್ತೆ?"

"ಅದು ಆಮೇಲೆ ನೋಡುವ. ನನಗೆ ಕಾಚಂಪುಳಿಯ ಗುಣಮಟ್ಟ ಗೊತ್ತಾಗ್ಬೇಕು. ಸೀದಿದೆಯೋ ಇಲ್ವೋ ಅಂತ ಒಬ್ರೂ ಹೇಳ್ತಾ ಇಲ್ಲ."

"ಬಾಯಿ ರುಚಿಯಲ್ಲಿ ವ್ಯತ್ಯಾಸ," ಅಂತ ಮೆಲ್ಲಗೆ ಹೇಳಿಕೊಂಡು ಅದನ್ನೂ ಬರೆದಳು. ಮುಂದಿನ ಪ್ರಶ್ನೆ, ಸಾವಿನ ಬಗ್ಗೆ ಹೆದರಿಕೆ ಆಗುತ್ತಾ ಅಂತ. ಅಷ್ಟು ತಿಂಗಳಲ್ಲಿ ಆ ಪ್ರಶ್ನೆಯನ್ನು ನನ್ನನ್ನು ಕೇಳಿದವಳು ಅವಳೊಬ್ಬಳೇ. "ಬಹಳ," ಅಂದೆ. ಏನಾದರೂ ಹೇಳುತ್ತಾಳೆ ಅಂತ ಅವಳ ಮುಖವನ್ನೇ ನೋಡಿದೆ. ಅವಳು 'ಬಹಳ'ಕ್ಕೆ ಗುರುತು ಹಾಕಿ, ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಾ ಅಂತ ಕೇಳಿದಳು. ಹೊರಡುವಾಗ ಗಂಡನನ್ನು ಪಕ್ಕಕ್ಕೆ ಕರೆದು ಏನೋ ಹೇಳಿದಳು. ಏನು ಅಂತ ಬಸ್ಸಿನಲ್ಲಿ ಕೇಳಿದೆ. "ನಿನ್ನ ಖುಷಿಲಿ ಇಡೊಕುಂತೆ," ಅಂದರು ಅವರು, ಬಹಳ ಬೇಸರದಿಂದ.

ಇದೆಲ್ಲ ಆಗಿ ಮಳೆ ಸ್ವಲ್ಪ ಹೊಳವಾದಾಗ, ಒಂದು ಬೆಳಿಗ್ಗೆ ನಮ್ಮ ಮನೆಗೆ ಪೊನ್ನಮ್ಮ ಬಂದರು.

ಪೊನ್ನಮ್ಮ ನನ್ನ ಗಂಡನ ಅಣ್ಣನ ಹೆಂಡತಿ. ನಮ್ಮ ಗದ್ದೆಯ ಆಚೆ ಬದಿಯಲ್ಲೇ ಅವರ ಮನೆ. ಹಿಂದೆ ಒಂದು ಮದುವೆಯ ಊಟದಲ್ಲಿ, ಅಷ್ಟು ಜನರ ನಡುವೆ, ನನ್ನ ಕಾಚಂಪುಳಿ ಹಾಕಿದ ಹಂದಿ ಸಾರಿಗೆ ಬೆರಳು ಅದ್ದಿ ನೆಕ್ಕಿ, "ನೀಲ ಇದಕ್ಕೆ ಹುಣಸೆ ಹುಳಿ ಬೆರ್ಸುಟ್ಟು," ಅಂದಿದ್ದರು. ನಾನು ಹುಣಸೆ ಹುಳಿ ಬೆರೆಸಿರಲಿಲ್ಲ. ನಾನು ಬೆರೆಸುವವಳಲ್ಲ. ಈಗಲೂ ಯಾವ ದೇವಸ್ಥಾನದಲ್ಲಿ ಬೇಕಾದರೂ ಹೇಳುತ್ತೇನೆ. ಅವತ್ತು ನಾನು ಅವರ ಅಡಿಗೆ, ಅವರ ತವರು, ಅವರ ಮೂಗು, ಒಂದನ್ನೂ ಬಿಡದೆ ಆಡಿದೆ. ಅವರೂ ಆಡಿದರು. ಅಲ್ಲಿಂದ ಮಾತಿಲ್ಲ.

ಮಾತು ಬಿಟ್ಟ ಮನೆಯಲ್ಲಿ ನಾವು ನೀರು ಮುಟ್ಟುವುದಿಲ್ಲ. ಆದರೆ ಇಬ್ಬರಲ್ಲಿ ಒಬ್ಬರು ಹೋಗುವ ಕಾಲ ಬಂತು ಅಂತ ಕಂಡರೆ, ಇನ್ನೊಬ್ಬರು ತಾವಾಗಿ ಬಂದು ಅವರ ಕೈಯಿಂದ ನೀರು ಕೇಳಿ ಕುಡಿದು ಹೋಗಬೇಕು. ನಮ್ಮ ಹಿರಿಯರ ಕಟ್ಟಳೆ ಅದು. ಕುಡಿಯದಿದ್ದರೆ ಹೋದವರು ಜಗಳವನ್ನೂ ಕಟ್ಟಿಕೊಂಡು ಹೋಗುತ್ತಾರಂತೆ. ನಮ್ಮ ಅತ್ತೆ ಸಾಯುವ ಹಿಂದಿನ ದಿನ ಹಾಗೆ ಬಂದು ನೀರು ಕುಡಿದವರನ್ನು ನಾನೇ ಕಂಡಿದ್ದೆ.

ಅದಕ್ಕೇ ಪೊನ್ನಮ್ಮ ಮೆಟ್ಟಿಲು ಹತ್ತಿದ್ದನ್ನು ಕಂಡು ಡಾಕ್ಟರು ಹೇಳಿದ್ದನ್ನೆಲ್ಲ ಮತ್ತೆ ನೆನಪು ಮಾಡಿಕೊಂಡೆ. ಡಾಕ್ಟರು ಗಡ್ಡೆ ತೆಗೆದಿದ್ದೇವೆ, ಕೀಮೋ ಮುಗಿಯಲಿ, ಆಮೇಲೆ ವರ್ಷಗಟ್ಟಲೆ ನೋಡುತ್ತಲೇ ಇರಬೇಕು ಅಂದಿದ್ದರು. ಸಾಯುತ್ತಿ ಅಂತ ಅಂದಿರಲಿಲ್ಲ. ಹಾಗಾದರೆ ಊರಿಗೆ ಗೊತ್ತಿರುವುದು ನನಗೆ ಗೊತ್ತಿಲ್ಲವಾ? ಗಂಡ ಓಡಿಬಂದು "ಬನ್ನಿ ಅತ್ತಿಗೆ" ಅಂತ ಕುರ್ಚಿ ಎಳೆದರು. ಮೋಕ್ಷಿತಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ಇಬ್ಬರೂ ಏನೋ ಪುಣ್ಯಕಾರ್ಯಕ್ಕೆ ಜಾಗ ಬಿಟ್ಟ ಹಾಗೆ ಹಿತ್ತಲಿಗೆ ಹೋದರು.

ಪೊನ್ನಮ್ಮ ಕಿತ್ತಳೆಯ ಚೀಲವನ್ನು ಮೇಜಿನ ಮೇಲಿಟ್ಟರು. ತಲೆ ಪಕ್ಕಕ್ಕೆ ವಾಲಿತು. ಇವರದ್ದೂ ವಾಲಿತಲ್ಲ ಅಂತ ನನಗೆ ಅಳುವೇ ಬಂತು.

"ನೀಲ, ಒಂದ್ ಗ್ಲಾಸ್ ನೀರ್ ಕೊಡ್," ಅಂದರು.

ನಾನು ಎದ್ದು ಒಳಗೆ ಹೋದೆ. ನೀರಿನ ಕೊಡದ ಹತ್ತಿರ ಹೋಗಲಿಲ್ಲ. ಕಾಚಂಪುಳಿ ಭರಣಿಯ ಮುಚ್ಚಳ ತೆಗೆದು ಒಂದು ಚಮಚ ತುಂಬಿಕೊಂಡು ಬಂದು ಅವರ ಮುಂದೆ ಹಿಡಿದೆ.

"ಕೊಡ್ನೆ ಅಕ್ಕ. ಅದಕ್ಕೆ ಮೊದ್ಲು ಇದರ ನೋಡಿ ಹೇಳಿ."

ಅವರು ಚಮಚವನ್ನು ನೋಡಿದರು, ನನ್ನ ಬೋಳು ತಲೆಯನ್ನು ನೋಡಿದರು, ಬಾಯಿಗೆ ಹಾಕಿಕೊಂಡರು. ಕಣ್ಣಲ್ಲಿ ನೀರು ತುಂಬಿತು. ಗಂಟಲಿನಿಂದ ಅದು ಇಳಿಯಲು ಬಹಳ ಹೊತ್ತು ಹಿಡಿಯಿತು.

"ಲಾಯ್ಕ್ ಉಟ್ಟು," ಅಂದರು.

"ನಿಜ ಹೇಳಿ."

"ನಿಜನೇ. ಈ ನಾಡ್‌ಲಿ ನಿನ್ನಷ್ಟ್ ಲಾಯ್ಕ್‌ಲಿ ಯಾರೂ ಮಾಡ್ದಿಲ್ಲೆ. ಅಂದ್ ಮದುವೇಲಿ ನಾ ಹೇಳ್ದ್ ತಪ್ಪಾತ್."

ಎಷ್ಟು ವರ್ಷದಿಂದ ನಾನು ಈ ಮಾತಿಗಾಗಿ ಕಾದಿದ್ದೆ. ಗದ್ದೆಯ ಬದಿಯಲ್ಲಿ ಒಬ್ಬಳೇ ನಡೆಯುವಾಗ ಅವರು ಹೀಗೆ ಹೇಳಿದ ಹಾಗೆ, ನಾನು ಸೊಕ್ಕಿನಿಂದ ಮುಖ ತಿರುಗಿಸಿದ ಹಾಗೆ ಎಷ್ಟು ಸಲ ಯೋಚನೆ ಮಾಡಿ ಖುಷಿಪಟ್ಟಿದ್ದೆ. ಈಗ ಅದು ಕಿವಿಗೆ ಬಿದ್ದಾಗ ಯಾರೋ ನನ್ನ ಮೇಲೆ ಮಣ್ಣು ಹಾಕಿದ ಹಾಗಾಯಿತು. ಈ ಹೆಂಗಸು, ಮದುಮಗಳ ಮುಂದೆಯೇ ನನ್ನ ಮಾನ ತೆಗೆದ ಹೆಂಗಸು, ಇವರೂ ಸುಳ್ಳು ಹೇಳಿದರೆ ಇನ್ನು ನನಗೆ ನಿಜ ಹೇಳಲು ಈ ಭೂಮಿಯ ಮೇಲೆ ಯಾರು ಉಳಿದರು?

ಪೊನ್ನಮ್ಮನ ಮಗಳು ನಿಶ್ಮಿತಾಳ ಮದುವೆ ಹುತ್ತರಿ ಹಬ್ಬ ಕಳೆದ ಮೇಲೆ ಅಂತ ನಿಶ್ಚಯವಾಗಿತ್ತು. ಸಾವಿರ ಜನರ ಮದುವೆ. ನನಗೆ ತಟ್ಟನೆ ಅದು ನೆನಪಾಯಿತು. ಗೋಡೆಗೆ ಒರಗಿಕೊಂಡೆ, ದನಿಯನ್ನು ಎಷ್ಟು ಸಾಧ್ಯವೋ ಅಷ್ಟು ಸಣ್ಣ ಮಾಡಿದೆ. ಅಷ್ಟು ತಿಂಗಳ ಕಾಯಿಲೆ ಅಷ್ಟಾದರೂ ಕಲಿಸಿತ್ತು.

"ಅಕ್ಕ, ಒಳಗೆ ಇನ್ನೊಂದ್ ದೊಡ್ಡ ಭರಣಿ ಉಟ್ಟು. ನಿಶ್ಮಿತಾನ ಮದುವೆ ಹಂದಿ ಸಾರಿಗೆ ಅದನ್ನೇ ಹಾಕೊಕು. ನಾ ಹೋಕೆ ಮೊದ್ಲು ನಂಗೆ ಇರ್ದು ಅದೊಂದೇ ಆಸೆ."

ಪೊನ್ನಮ್ಮನ ತಲೆ ನೆಟ್ಟಗಾಯಿತು.

"ಅಡಿಗೆಯವು ಅವೇ ತರ್ವೆ," ಅಂದರು.

"ಅವ್ಕೆ ಪ್ರವೀಣನ ಕೈಲಿ ಹೇಳ್ಸ್ನೆ. ಮೊಣ್ಣಪ್ಪನ ಅಂಗಡೀಲೂ ಹೇಳಿಬಿಡ್ನೆ, ಈ ಸಲ ಪೊನ್ನಕ್ಕನ ಮನೆ ಮದುವೆಗೆ ನೀಲಂದೇ ಕಾಚಂಪುಳಿಂತ."

ಅವರು ಕಿತ್ತಳೆ ಚೀಲದ ಗಂಟು ಬಿಚ್ಚಿದರು, ಮತ್ತೆ ಕಟ್ಟಿದರು. ಸಾಯುತ್ತಿರುವ ಓರಗಿತ್ತಿಯ ಕೊನೆಯ ಆಸೆ ಒಂದು ಕಡೆ. ಗಂಡಿನ ಕಡೆಯವರು ಮೊದಲ ತುತ್ತಿಗೇ ಎಲೆ ಬಿಟ್ಟು ಏಳುವುದು ಇನ್ನೊಂದು ಕಡೆ. ನನ್ನ ಮೇಲಿನ ಕರುಣೆ ಎಷ್ಟು ಆಳ ಇದೆ ಅಂತ ನಾನು ಅವರ ಮುಖದಲ್ಲಿ ನೋಡುತ್ತ ನಿಂತೆ. ಬಹಳ ಆಳವೇನೂ ಇರಲಿಲ್ಲ.

"ಬೊಡ ನೀಲ," ಅಂದರು ಕೊನೆಗೆ. "ಮದುವೆಗೆ ಬೊಡ."

"ಎಂತಕೆ?"

"ಸೀದ್ ಹೋಗುಟ್ಟು." ಒಂದು ಸಲ ಬಾಯಿ ಬಿಟ್ಟ ಮೇಲೆ ಅವರಿಗೆ ತಡೆಯಲಾಗಲಿಲ್ಲ. "ಅಡಿ ಹಿಡ್ದುಟ್ಟು. ಹುಳಿ ಎಂಬ್ದೇ ಇಲ್ಲೆ ಅದರ್ಲಿ, ಬರೀ ಕಹಿ. ಕರಿ ಹಿಡ್ದ ಪಾತ್ರೆ ನೆಕ್ಕಿದಂಗೆ ಆದೆ. ಇದರ ಹಾಕಿರೆ ಸತ್ತ ಹಂದಿನೂ ಎದ್ದ್ ಓಡ್ದು. ನೀ ಹೆಂಗೆ ಇದರ ಅಂಗಡಿಗೆ ಕೊಟ್ಟ?"

"ಊರವ್ಕೆ ಗೊತ್ತುಟ್ಟಾ?"

"ಎಲ್ಲವ್ಕೂ ಗೊತ್ತುಟ್ಟು. ಪಾಪಂತ ತಕ್ಕಂಡೊ, ಬಾಳೆ ಬುಡಕ್ಕೆ ಹೊಯ್ದೊ."

ನನಗೆ ಮುಖ ಎಲ್ಲಿಡಬೇಕು ಅಂತ ತಿಳಿಯಲಿಲ್ಲ. ನನ್ನ ಹೆಸರಿನ ಹುಳಿ ಇಡೀ ನಾಡಿನ ಬಾಳೆ ಬುಡದಲ್ಲಿ. ನಾಚಿಕೆಯಿಂದ ಕಿವಿ ಸುಟ್ಟಿತು. ಆದರೆ ಅದೇ ಹೊತ್ತಿಗೆ ಕಾಲಿಗೆ ನೆಲ ಸಿಕ್ಕಿತು. ಬದುಕಿರುವವಳ ಜೊತೆ ಮಾತಾಡುವ ಹಾಗೆ ಒಬ್ಬರು ನನ್ನ ಜೊತೆ ಮಾತಾಡಿದ್ದರು. ಇನ್ನೊಂದು ಪ್ರಶ್ನೆ ಇತ್ತು. ಕೇಳಿದರೆ ಇವರನ್ನೇ ಕೇಳಬೇಕು.

"ಅಕ್ಕ, ನನ್ನ ಸರಿಯಾಗಿ ನೋಡಿ ಹೇಳಿ. ನಾ ಸಾಯ್ನೆನಾ?"

ಏನೂ ಆಗುವುದಿಲ್ಲ ಅಂತ ಅವರು ಹೇಳಲಿಲ್ಲ. ದೇವರಿದ್ದಾನೆ ಅಂತಲೂ ಹೇಳಲಿಲ್ಲ. ಚಮಚ ಕೆಳಗಿಟ್ಟು, ನನ್ನ ತಲೆಯಿಂದ ಕಾಲಿನವರೆಗೆ ನೋಡಿದರು. ರೆಪ್ಪೆ ಕೂದಲೂ ಉದುರಿದ ನನ್ನ ಕಣ್ಣನ್ನು ನೋಡಿದರು. ಬ್ಲೌಸಿನ ಖಾಲಿ ಬದಿಯನ್ನೂ ನೋಡಿದರು. ಅಷ್ಟು ತಿಂಗಳಲ್ಲಿ ಮನೆಗೆ ಬಂದ ಯಾರೂ ಅಲ್ಲಿ ಕಣ್ಣಿಟ್ಟಿರಲಿಲ್ಲ.

"ನಂಗೆ ಗೊತ್ತಾಗ್ತಿಲ್ಲೆ ನೀಲ," ಅಂದರು.

ಆಮೇಲೆ ಎದ್ದರು. ನಾನು ನೀರು ತರಲಾ ಅಂತ ಕೇಳಿದೆ.

"ಈಗ ಬೊಡ," ಅಂದರು ಪೊನ್ನಮ್ಮ, ಕಿತ್ತಳೆ ಚೀಲವನ್ನು ಮೇಜಿನಿಂದ ಎತ್ತಿ ಹೆಗಲಿಗೆ ಹಾಕಿಕೊಳ್ಳುತ್ತ. "ಮುಂದಿನ ಮಳೆಗಾಲಲಿ ಸರಿಯಾಗಿ ಮಾಡ್. ಗೊತ್ತಾಗದ್ರೆ ನಾ ಹೇಳಿಕೊಡ್ನೆ, ಹುಣಸೆ ಹುಳಿ ಹಾಕದೆ ಹೆಂಗೆ ಮಾಡ್ದುಂತ."

ಅವರು ಗದ್ದೆ ಬದಿ ದಾಟುವವರೆಗೂ ನಾನು ಜಗಲಿಯಲ್ಲಿ ನಿಂತು ಬೈದೆ. ಬೈದು ಬೈದು ಉಸಿರು ಸಾಲದೆ ಅಲ್ಲೇ ಕುಕ್ಕರಿಸಿದೆ. ಅಲ್ಲಿಯವರೆಗೆ ತಡೆದಿದ್ದ ಅಳುವೆಲ್ಲ ಒಂದೇ ಸಲ ಬಂತು. ಮಗುವಿನ ಹಾಗೆ ಬಾಯಿ ಬಿಟ್ಟು ಅತ್ತೆ.

ಗಂಡ ಹಿತ್ತಲಿನಿಂದ ಓಡಿಬಂದರು. "ಅತ್ತಿಗೆ ನೀರ್ ಕುಡಿಯದೆ ಹೋದೊ? ಎಂತ ಹೇಳ್ದೊ ನಿಂಗೆ?"

"ಗೊತ್ತಿಲ್ಲೆಂತ ಹೇಳ್ದೊ."

"ಎಂತ ಗೊತ್ತಿಲ್ಲೆ?"

"ನಾ ಸಾಯ್ನೆನಾಂತ ಕೇಳ್ದೆ."

ಅವರು ಬಾಯಿ ತೆರೆದರು. ಪಾಸಿಟಿವ್ ಅನ್ನುವ ಮಾತು ಅವರ ತುಟಿಯವರೆಗೆ ಬಂದದ್ದು ನನಗೆ ಕಾಣಿಸಿತು. ಅದು ಹೊರಗೆ ಬರಲಿಲ್ಲ. ಕೈಯಲ್ಲಿದ್ದ ಕತ್ತಿಯನ್ನು ಬದಿಗಿಟ್ಟು, ಮೊಣಕಾಲು ಹಿಡಿದುಕೊಂಡು ನನ್ನ ಪಕ್ಕ ಕೂತರು.

"ನಂಗೂ ಗೊತ್ತಿಲ್ಲೆ," ಅಂದರು. "ನಂಗೆ ಹೆದ್ರಿಕೆ ಆದೆ ನೀಲ." ಅಷ್ಟು ಹೇಳುವುದರೊಳಗೆ ಅವರ ಮುಖ ಕಿವುಚಿಹೋಯಿತು. ನನ್ನ ಆಪರೇಷನ್ನಿನ ದಿನ ಆಸ್ಪತ್ರೆಯಲ್ಲಿ ಎಲ್ಲರಿಗೂ ಧೈರ್ಯ ಹೇಳುತ್ತ ಓಡಾಡಿದ ಮನುಷ್ಯ, ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತರು.

ನಾನು ಅವರ ಬೆನ್ನ ಮೇಲೆ ಕೈಯಿಟ್ಟೆ.

"ನಂಗೂ," ಅಂದೆ.